ಬ್ಲೀಚಿಂಗ್ ಪೌಡರ್: ತೂಕ ಉಳಿದರೂ ಸತ್ವ ಉಳಿಯದ ಸರಕು

ಮುಂಗಾರು ಸಮೀಪಿಸುತ್ತಿದ್ದಂತೆ ಸೊರಬ, ಆನವಟ್ಟಿ, ಶಿಕಾರಿಪುರದ ಕಡೆ ಬ್ಲೀಚಿಂಗ್ ಪೌಡರಿನ ಅಗತ್ಯ ಹೆಚ್ಚುತ್ತದೆ. ಗ್ರಾಮ ಪಂಚಾಯಿತಿಗಳು, ಶಾಲೆಗಳು, ಹೋಟೆಲುಗಳು, ಬಾವಿಯುಳ್ಳ ಮನೆಗಳು ಇದರ ಗ್ರಾಹಕರು. ಸುಣ್ಣ, ಸಿಮೆಂಟುಗಳಂತೆ ಇದನ್ನೂ ತೂಕದ ಸರಕೆಂದೇ ಭಾವಿಸಿ ವ್ಯಾಪಾರ ಮಾಡುವುದು ರೂಢಿ. ಆದರೆ ಗ್ರಾಹಕನು ನಿಜವಾಗಿ ಹಣ ತೆರುವುದು ಪುಡಿಯೊಳಗಿರುವ ಕ್ಲೋರಿನಿಗೆ. ಅದು ಹೊರಟುಹೋದ ಮೇಲೆ ಚೀಲದಲ್ಲಿ ಉಳಿಯುವುದು ಹೆಚ್ಚುಕಡಿಮೆ ಸುಣ್ಣವೇ.

ಉತ್ಪತ್ತಿ

ಸ್ವೀಡನ್ನಿನ ಷೀಲೆ 1774ರಲ್ಲಿ ಕ್ಲೋರಿನ್ ಅನಿಲವನ್ನು ಪಡೆದನು. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಅದನ್ನು ಅರಳಿಸಿದ ಸುಣ್ಣಕ್ಕೆ ಹೀರಿಸಿ, ಬಟ್ಟೆ ಬಿಳುಪಾಗಿಸುವ ಪುಡಿಗೆ ಪೇಟೆಂಟ್ ಪಡೆದನು. ಶಾಲಾಪಠ್ಯಗಳ ‘ಚಲುವೆ ಪುಡಿ’ ಇದೇ. ಕುಡಿಯುವ ನೀರಿನ ಶುದ್ಧೀಕರಣಕ್ಕೆ ಇದು ವ್ಯಾಪಕವಾಗಿ ಬಂದದ್ದು ಸುಮಾರು ಒಂದು ಶತಮಾನದ ನಂತರ. ಅಮೆರಿಕದ ಜರ್ಸಿ ನಗರದ ನೀರಿಗೆ 1908ರಲ್ಲಿ ಇದನ್ನು ನಿರಂತರವಾಗಿ ಸೇರಿಸಲಾರಂಭಿಸಿದರು.

ಕ್ಲೋರಿನ್ ದೊರೆಯುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ. ಕಾರವಾರದ ಬಳಿಯ ಬಿಣಗಾದಲ್ಲಿರುವಂತಹ ಕಾಸ್ಟಿಕ್ ಸೋಡಾ ಕಾರ್ಖಾನೆಗಳಲ್ಲಿ ಒಂದು ಟನ್ ಕಾಸ್ಟಿಕ್ ಸೋಡಾದ ಜೊತೆಗೆ ಸುಮಾರು 880 ಕಿಲೋ ಕ್ಲೋರಿನ್ ಹುಟ್ಟುತ್ತದೆ. ಅನಿಲರೂಪದಲ್ಲಿ ಅದರ ಸಾಗಣೆ ಅಪಾಯಕರ. ಸುಣ್ಣಕ್ಕೆ ಹೀರಿಸಿದರೆ ಅದೇ ಚೀಲದಲ್ಲಿ ಸಾಗಿಸಬಲ್ಲ ಸರಕಾಗುತ್ತದೆ.

‘ಲಭ್ಯ ಕ್ಲೋರಿನ್’ ಎಂಬ ಅಳತೆ

ಹೊಸ ಪುಡಿಯಲ್ಲಿ ಸಾಮಾನ್ಯವಾಗಿ ಶೇ. 33ರಷ್ಟು ಲಭ್ಯ ಕ್ಲೋರಿನ್ ಇರುತ್ತದೆ. 1,000 ಲೀಟರ್ ತಿಳಿನೀರಿಗೆ 2.5 ಗ್ರಾಂ ಎಂಬ ವಾಡಿಕೆಯ ಲೆಕ್ಕ ಇಂತಹ ಪುಡಿಗೆ ಮಾತ್ರ ಅನ್ವಯಿಸುತ್ತದೆ. ಎರಡು ಮೀಟರ್ ವ್ಯಾಸದ, ಐದು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 15,700 ಲೀಟರ್ ನೀರಿರುತ್ತದೆ. ಅದಕ್ಕೆ 39 ಗ್ರಾಂ ಸಾಕು. ಪುಡಿಯ ಸತ್ವ ಶೇ. 15ಕ್ಕೆ ಇಳಿದಿದ್ದರೆ 86 ಗ್ರಾಂ ಬೇಕು. ಇದನ್ನರಿಯದೆ 39 ಗ್ರಾಂ ಹಾಕಿದವರು ನೀರು ಶುದ್ಧವಾಯಿತೆಂದು ನಂಬಿ ಕುಡಿಯುತ್ತಾರೆ. ಮಳೆಗಾಲದ ವಾಂತಿಭೇದಿಗೆ ದಾರಿಯಾಗುವುದು ಇಂತಹ ನಂಬಿಕೆಯೇ.

ಗೋದಾಮಿನಲ್ಲಿ ನಡೆಯುವುದೇನು?

ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ತಗುಲಿದಾಗ ಪುಡಿಯಿಂದ ಕ್ಲೋರಿನ್ ಬಿಡುಗಡೆಯಾಗುತ್ತದೆ. ಬಿಸಿಲು, ಶಾಖಗಳು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಉಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ತೇವವನ್ನು ಇನ್ನಷ್ಟು ಸೆಳೆಯುವುದರಿಂದ ಪುಡಿ ಗಂಟುಕಟ್ಟುತ್ತದೆ. ನೀರನ್ನು ಹೀರಿದ ಚೀಲದ ತೂಕ ಹೆಚ್ಚಲೂಬಹುದು. ಆದ್ದರಿಂದ ತಕ್ಕಡಿಯು ಈ ನಷ್ಟವನ್ನು ತೋರಿಸದು. ಘಾಟು ಹೆಚ್ಚಿದ್ದರೆ ಪುಡಿ ಬಲವಾಗಿದೆ ಎಂಬ ಮಾತೂ ಸರಿಯಲ್ಲ. ಘಾಟೆಂದರೆ ಸತ್ವ ಹೊರಹೋಗುತ್ತಿರುವ ಸೂಚನೆ. ನಮ್ಮ ಮಲೆನಾಡಿನ ಸೆರಗಿನಲ್ಲಿ ಬೇಡಿಕೆಯ ಕಾಲವೂ ತೇವದ ಕಾಲವೂ ಒಂದೇ ಆಗಿರುವುದು ವರ್ತಕರ ನಿಜವಾದ ಸಮಸ್ಯೆ.

ನೆರೆಯ ಸರಕುಗಳ ಅಪಾಯ

ಒಂದೇ ಮಳಿಗೆಯಲ್ಲಿ ಗೊಬ್ಬರ, ಆಸಿಡ್, ಸೀಮೆಎಣ್ಣೆ, ಮೈಲುತುತ್ತ, ಸುಣ್ಣಗಳನ್ನು ಇಡುವವರುಂಟು. ಶೌಚಾಲಯ ತೊಳೆಯುವ ಆಸಿಡ್ ಈ ಪುಡಿಗೆ ಬಿದ್ದರೆ ವಿಷಕಾರಿ ಕ್ಲೋರಿನ್ ಅನಿಲ ಕೂಡಲೇ ಏಳುತ್ತದೆ. ಯೂರಿಯಾ ಅಥವಾ ಅಮೋನಿಯಂ ಗೊಬ್ಬರದೊಡನೆ ಬೆರೆತರೆ ಸ್ಫೋಟಕ ಗುಣದ ನೈಟ್ರೋಜನ್ ಟ್ರೈಕ್ಲೋರೈಡ್ ಉಂಟಾಗಬಹುದು. ಎಣ್ಣೆ, ಗೋಣಿತಾಟು, ಮರದ ಹೊಟ್ಟುಗಳ ಸಂಪರ್ಕದಲ್ಲಿ ಬೆಂಕಿಯ ಭಯವಿದೆ. ಬೋರ್ಡೋ ದ್ರಾವಣಕ್ಕೆಂದು ಅಡಿಕೆ ಬೆಳೆಗಾರರು ಒಯ್ಯುವ ಸುಣ್ಣದ ಚೀಲದೊಡನೆ ಇದು ಅದಲುಬದಲಾಗದಂತೆಯೂ ಎಚ್ಚರ ವಹಿಸಬೇಕು.

ಅನುಸರಿಸಬೇಕಾದ ಕ್ರಮ

1. ಭಾರತೀಯ ಮಾನಕ 1065ಕ್ಕೆ ಅನುಗುಣವಾದ, ತಯಾರಿಕೆಯ ತಿಂಗಳು ನಮೂದಿಸಿದ ಸರಕನ್ನೇ ತರಿಸಬೇಕು.

2. ವರ್ಷಕ್ಕಾಗುವಷ್ಟನ್ನು ಒಮ್ಮೆಲೇ ಕೊಳ್ಳದೆ, ಕಂತುಗಳಲ್ಲಿ ತರಿಸಿ, ಮೊದಲು ಬಂದದ್ದನ್ನು ಮೊದಲು ಮಾರಬೇಕು.

3. ಪಾಲಿಥೀನ್ ಒಳಚೀಲವನ್ನು ಬಿಗಿದು, ನೆಲಕ್ಕೂ ಗೋಡೆಗೂ ತಾಗದಂತೆ, ತಂಪಾದ, ಒಣಗಿದ, ಗಾಳಿಯಾಡುವ ಪ್ರತ್ಯೇಕ ಕೋಣೆಯಲ್ಲಿ ಹಲಗೆಯ ಮೇಲೆ ಇಡಬೇಕು.

4. ಹಳೆಯ ದಾಸ್ತಾನನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಲಭ್ಯ ಕ್ಲೋರಿನಿನ ಪ್ರಮಾಣವನ್ನು ಗ್ರಾಹಕರಿಗೆ ತಿಳಿಸಿಯೇ ಮಾರಬೇಕು.

ತೂಕದಲ್ಲಿ ಮೋಸ ಮಾಡದ ವರ್ತಕನೂ ಈ ಸರಕಿನಲ್ಲಿ ತನಗರಿವಿಲ್ಲದೆ ಗ್ರಾಹಕನನ್ನು ವಂಚಿಸಬಹುದು. ಚೀಲದ ಮೇಲಿನ ತಿಂಗಳನ್ನು ಓದುವ ಅಭ್ಯಾಸವೊಂದೇ ಆ ದೋಷವನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು.