ಸಾಹಿತ್ಯಕ್ಕೆ ಅಂಕ ಕೊಡುವುದು ಹೇಗೆ?

ಚಳಿ ಕಳೆದು ಬೇಸಗೆ ಕಾಲಿಡುವ ಹೊತ್ತಿಗೆ ಮನೆಮನೆಯಲ್ಲಿಯೂ ಪರೀಕ್ಷೆಯ ಮಾತು ತಲೆಯೆತ್ತುತ್ತದೆ. ಲೆಕ್ಕದಲ್ಲಿ ಅಂಕ ಹೋದರೆ ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ; ಉತ್ತರ ಬರಲಿಲ್ಲ, ಅಂಕ ಹೋಯಿತು. ಆದರೆ ಕನ್ನಡದಲ್ಲಿ ಅಂಕ ಕಡಮೆಯಾದಾಗ ತಂದೆತಾಯಿಗಳಿಗೆ ಒಗಟು. "ಹುಡುಗ ಹುಟ್ಟಿದಾಗಿನಿಂದ ಆಡುವುದು ಕನ್ನಡವನ್ನೇ. ಪದ್ಯಗಳೂ ಬಾಯಿಗೆ ಬರುತ್ತವೆ. ಹಾಗಿದ್ದೂ ಹೀಗೇಕೆ?" ಎಂದು ಕೇಳುತ್ತಾರೆ. ಮತ್ತೆ ಕೆಲವರು, "ಪದ್ಯವನ್ನು ಸವಿಯುವುದಕ್ಕೂ ಅಂಕವುಂಟೆ, ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?" ಎನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ದ್ವಿತೀಯ ಪಿ.ಯು.ಸಿ.ಯ ಕನ್ನಡ ಭಾಷಾ ವಿಷಯವನ್ನು ಉದಾಹರಣೆಯಾಗಿಟ್ಟುಕೊಂಡು ಅವಕ್ಕೆ ಉತ್ತರ ಕಾಣಲು ಇಲ್ಲಿ ಪ್ರಯತ್ನಿಸಿದೆ.

ಮೊದಲು ಚೌಕಟ್ಟನ್ನು ನೋಡೋಣ. ನಮ್ಮ ರಾಜ್ಯದ ಪಿ.ಯು. ವಿದ್ಯಾರ್ಥಿಗೆ 2 ಭಾಷೆಗಳು, 4 ಐಚ್ಛಿಕ ವಿಷಯಗಳು. ಒಟ್ಟು 600 ಅಂಕ. ಕನ್ನಡಕ್ಕೆ 100. ಹಿಂದೆ ಈ ನೂರೂ ಅಂಕ ಒಂದೇ ದಿನದ ಬರವಣಿಗೆಯ ಮೇಲೆ ನಿಂತಿದ್ದಿತು. 2023-24ನೆಯ ಸಾಲಿನಿಂದ 80 ಅಂಕ ವಾರ್ಷಿಕ ಪರೀಕ್ಷೆಗೆ, 20 ಅಂಕ ಕಾಲೇಜಿನಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಎಂದು ಹಂಚಿಕೆಯಾಯಿತು. ಕಿರುಪರೀಕ್ಷೆಗಳು, ವಿದ್ಯಾರ್ಥಿಯೇ ಸಿದ್ಧಪಡಿಸುವ ಬರಹ ಮುಂತಾದುವು ಈ ಇಪ್ಪತ್ತರೊಳಗೆ ಬರುತ್ತವೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ತೇರ್ಗಡೆಗೆ ಒಟ್ಟಿನಲ್ಲಿ ಶೇಕಡ 33, ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ 30 ಅಂಕ ಬೇಕೆಂದು 2025ರಲ್ಲಿ ಸರ್ಕಾರ ಗೊತ್ತುಮಾಡಿತು.

ಇನ್ನು ಪ್ರಶ್ನೆಪತ್ರಿಕೆ. ಅದು ಒಂದು ಏಣಿಯಿದ್ದಂತೆ. ಕೆಳಗಿನ ಮೆಟ್ಟಿಲು ಒಂದು ಅಂಕದ ಪ್ರಶ್ನೆಗಳದು. ಪಾಠವನ್ನು ಓದಿದ್ದಾನೆಯೆ ಎಂಬುದಷ್ಟೇ ಅಲ್ಲಿಯ ವಿಚಾರಣೆ. ಅದರ ಮೇಲಿನದು ಎರಡು ಮೂರು ವಾಕ್ಯಗಳ ಉತ್ತರ. ಓದಿದ್ದು ನೆನಪಿನಲ್ಲಿ ಕ್ರಮವಾಗಿ ಕುಳಿತಿದೆಯೆ ಎಂಬುದನ್ನು ಅದು ನೋಡುತ್ತದೆ. ಅದಕ್ಕೂ ಮೇಲಿನದು ಸಂದರ್ಭ ಸೂಚಿಸಿ ವಿವರಿಸುವ ಪ್ರಶ್ನೆ. ತುದಿಯ ಮೆಟ್ಟಿಲಲ್ಲಿ ದೀರ್ಘ ಉತ್ತರ, ಭಾವಾರ್ಥ, ಪ್ರಬಂಧ. ಮೇಲೇರಿದಂತೆಲ್ಲ ನೆನಪಿನ ಪಾತ್ರ ಕಡಮೆಯಾಗಿ ವಿವೇಚನೆಯ ಪಾತ್ರ ಹೆಚ್ಚುತ್ತದೆ. ಬಹುಮಂದಿ ಜಾರುವುದು ನಡುವಿನ ಮೆಟ್ಟಿಲಲ್ಲಿ. ಆದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಕಥೆಯಲ್ಲಿ, "ಮಳೆ ಬಂತು, ಮಗು ಬರಲಿಲ್ಲ" ಎಂಬ ಮಾತಿದೆಯೆಂದು ಕಲ್ಪಿಸಿಕೊಳ್ಳಿ. ಮಗನನ್ನು ಪೇಟೆಗೆ ಕಳುಹಿಸಿದ ತಾಯಿ ಮುಸ್ಸಂಜೆಯಲ್ಲಿ ಬಾಗಿಲಲ್ಲಿ ನಿಂತು ಆಡುವ ಮಾತು. ಇದಕ್ಕೆ 3 ಅಂಕ: ಮಾತು ಯಾವ ಕೃತಿಯದು, ಯಾರದು ಎಂಬ ಆಯ್ಕೆಗೆ 1, ಯಾರು, ಯಾರಿಗೆ, ಯಾವಾಗ ಹೇಳಿದರೆಂಬ ಸಂದರ್ಭಕ್ಕೆ 1, ವಿವರಣೆಗೆ 1. ಒಬ್ಬ ವಿದ್ಯಾರ್ಥಿ ಇಡೀ ಕಥೆಯನ್ನು ಒಂದು ಪುಟ ಬರೆಯುತ್ತಾನೆ, ಲೇಖಕರ ಹೆಸರನ್ನೇ ಬಿಡುತ್ತಾನೆ. ಪುಟ ತುಂಬಿದರೂ ಒಂದು ಅಂಕ ಹೋಯಿತು. ಇನ್ನೊಬ್ಬನು ಕೃತಿ, ಕರ್ತೃ, ಸಂದರ್ಭ ಎಲ್ಲವನ್ನೂ ಬರೆದು, "ಮಳೆ ಬಂದಿತು, ಆದರೆ ಮಗು ಬರಲಿಲ್ಲವೆಂದು ತಾಯಿ ಹೇಳಿದಳು" ಎಂದು ಮುಗಿಸುತ್ತಾನೆ. ಇದು ವಿವರಣೆಯಲ್ಲ, ಅದೇ ಮಾತಿನ ಮರುಕಳಿಕೆ. ಮೂರನೆಯವಳು ಹೀಗೆ ಬರೆಯುತ್ತಾಳೆ: "ತಾಯಿ ವರ್ಷವಿಡೀ ಕಾದದ್ದು ಮಳೆಗಾಗಿ. ಈಗ ಅದೇ ಮಳೆ ಅವಳಿಗೆ ಭಯವಾಗಿದೆ. ಬಂದದ್ದು, ಬಾರದ್ದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಆಡಿದ್ದರಿಂದ ಅವಳ ತಳಮಳ ತಿಳಿಯುತ್ತದೆ." ಇಷ್ಟೇ ಸಾಕು. ನಾಲ್ಕೇ ಸಾಲಾದರೂ ಆ ಮೂರನೆಯ ಅಂಕಕ್ಕೆ ಅವಳು ಪೂರ್ಣವಾಗಿ ಅರ್ಹಳು. ಸಾಹಿತ್ಯವನ್ನು ತೂಗುವ ತಕ್ಕಡಿ ಯಾವುದೆಂದು ಕೇಳಿದವರಿಗೆ ಇಲ್ಲಿಯೇ ಉತ್ತರವಿದೆ. ಹುಡುಗಿ ಸವಿದಳೋ ಇಲ್ಲವೋ ಎಂಬುದನ್ನು ಯಾರೂ ತೂಗಲಾರರು. ಏಕೆ ಸವಿದಳೆಂಬುದಕ್ಕೆ ಪಠ್ಯದೊಳಗಿನಿಂದಲೇ ಕಾರಣ ಕೊಟ್ಟಳೆ ಎಂಬುದನ್ನು ಮಾತ್ರ ತೂಗಬಹುದು.

ಹಳಗನ್ನಡ, ನಡುಗನ್ನಡ ಪದ್ಯಗಳ ವಿಷಯದಲ್ಲಿ ನಮ್ಮ ಹಿಂದಿನ ಪಂಡಿತರ ಕ್ರಮ ಈಗಲೂ ಕೈಬಿಡತಕ್ಕುದಲ್ಲ. ಮೊದಲು ಪದಚ್ಛೇದ; ಆಮೇಲೆ ಪದ್ಯದ ಮಾತುಗಳನ್ನು ಗದ್ಯದ ಸಾಲಿಗೆ ತರುವ ಅನ್ವಯ; ಬಳಿಕ ಪ್ರತಿಪದಾರ್ಥ; ಕೊನೆಗೆ ಭಾವಾರ್ಥ. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೇ ಹಾರಿದವರು ಗೈಡಿನ ಭಾವಾರ್ಥವನ್ನು ಉರುಹೊಡೆಯಬೇಕಾಗುತ್ತದೆ. ಅದರಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲ ತಪ್ಪಿಹೋಗುತ್ತದೆ. ಅನ್ವಯ ಮಾಡಬಲ್ಲವನಿಗೆ ಆ ಭಯವಿಲ್ಲ.

ವ್ಯಾಕರಣವೂ ಹಾಗೆಯೇ. ಕೇಶಿರಾಜನು 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ಬರೆದದ್ದು ಅಂಕಕ್ಕಾಗಿ ಅಲ್ಲ. 'ಮಳೆಗಾಲ' ಎಂಬ ದಿನಬಳಕೆಯ ಮಾತನ್ನೇ ನೋಡಿ. ಮಳೆಯ ಕಾಲ, ಆದ್ದರಿಂದ ತತ್ಪುರುಷ ಸಮಾಸ. ಕಕಾರ ಹೋಗಿ ಗಕಾರ ಬಂದಿದೆ. ಆದ್ದರಿಂದ ಆದೇಶ ಸಂಧಿ. ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಬೇಸಗೆ, ಮಳೆಗಾಲ, ಚಳಿಗಾಲ ಎನ್ನುತ್ತಲೇ ಕಲಿಯಬಹುದಾದುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಪಟ್ಟಿಮಾಡಿ ಬಾಯಿಪಾಠಮಾಡುವುದು ವ್ಯರ್ಥ ಶ್ರಮ.

ದೀರ್ಘ ಉತ್ತರಗಳಲ್ಲಿ ಅಂಕ ಹೋಗುವುದು ಬೇರೆ ಕಾರಣದಿಂದ. ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ'ಯನ್ನು ಪಿ.ಯು. ತರಗತಿಯಲ್ಲಿ ಹಲವು ವರ್ಷಗಳಿಂದ ಓದಿಸುತ್ತ ಬಂದಿದ್ದಾರೆ. ಊರಿನ ನಾನಾ ತೊಂದರೆಗಳ ಹೊಣೆಯನ್ನು ಆನೆಯ ಮೇಲೆ ಹೇಗೆ ಹೊರಿಸುತ್ತಾರೆಂದು ಪ್ರಶ್ನೆ ಬಂದರೆ ಹಲವರು ಆನೆಯ ಕಥೆಯನ್ನೆಲ್ಲ ಹೇಳತೊಡಗುತ್ತಾರೆ. ಕೇಳಿದ್ದು ಆನೆಯನ್ನಲ್ಲ, ತಮ್ಮ ಕೆಲಸದ ಲೋಪವನ್ನು ಮರೆಮಾಡುವ ಮನುಷ್ಯರನ್ನು. ಪ್ರಶ್ನೆಯನ್ನು ಎರಡು ಸಲ ಓದಿ, ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವುದೇ ಅರ್ಧ ವಿದ್ಯೆ.

ಉತ್ತರಪತ್ರಿಕೆ ತಿದ್ದುವವರ ಮನಸ್ಸು ದಿನಕ್ಕೊಂದು ಬಗೆ ಎಂಬ ದೂರೂ ಇದೆ. ಅದನ್ನು ತಡೆಯಲೆಂದೇ ಮಾದರಿ ಉತ್ತರಗಳೂ ಅಂಕಗಳ ವಿಂಗಡಣೆಯೂ ಸಿದ್ಧವಾಗುತ್ತವೆ. ಫಲಿತಾಂಶದ ಬಳಿಕ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಬಹುದು. ಮರುಎಣಿಕೆ, ಮರುಮೌಲ್ಯಮಾಪನಗಳಿಗೂ ಅವಕಾಶವುಂಟು. ಆದರೆ ಈ ವಿಂಗಡಣೆಗೂ ಒಂದು ಅಪಾಯವಿದೆ. ಮಾದರಿಯಲ್ಲಿಲ್ಲದ ಒಳ್ಳೆಯ ಮಾತೊಂದನ್ನು ವಿದ್ಯಾರ್ಥಿ ಬರೆದಾಗ ಅವಸರದ ಕಣ್ಣು ಅದನ್ನು ದಾಟಿಹೋಗಬಹುದು. ಮಾದರಿ ಉತ್ತರವು ದಾರಿ ತೋರುವ ಕೈಮರ, ಬೇಲಿಯಲ್ಲ. ಇದನ್ನು ಅರಿತ ಮೌಲ್ಯಮಾಪಕನಿಂದಲೇ ಪರೀಕ್ಷೆಗೆ ಮರ್ಯಾದೆ. ಮಕ್ಕಳನ್ನು ಗೈಡಿನ ಕಡೆಗೆ ತಳ್ಳುವುದು ಪ್ರಶ್ನೆಪತ್ರಿಕೆಗಿಂತ ಹೆಚ್ಚಾಗಿ, ಸ್ವಂತ ಮಾತು ಬರೆದರೆ ಅಂಕ ಹೋದೀತೆಂಬ ಅಂಜಿಕೆ.

ಎಂಜಿನಿಯರಿಂಗ್ ಸೀಟಿನ ರ್‍ಯಾಂಕಿಗೆ ಭಾಷೆಯ ಅಂಕ ಲೆಕ್ಕಕ್ಕೆ ಬಾರದೆಂದು ಹೇಳಿ ಕನ್ನಡವನ್ನು ಮೂಲೆಗೆ ಸರಿಸುವ ಮನೆಗಳೂ ಇವೆ. ಲೆಕ್ಕಕ್ಕೆ ಬಾರದೆಂಬುದು ನಿಜ. ಆದರೆ ಆ ಹುಡುಗ ನಾಳೆ ಒಂದು ಅರ್ಜಿ ಬರೆಯಬೇಕು, ನಾಲ್ವರೆದುರು ತನ್ನ ವಿಚಾರ ಹೇಳಬೇಕು, ಇನ್ನೊಬ್ಬರ ಮಾತಿನ ಒಳಗುಟ್ಟು ತಿಳಿಯಬೇಕು. ಸಂದರ್ಭವರಿತು ಮಾತಿನ ಅರ್ಥ ಹೇಳುವ ಮೂರು ಅಂಕದ ಪ್ರಶ್ನೆ ಕಲಿಸುವುದು ಇದನ್ನೇ ಅಲ್ಲವೆ?

ಹಾಗಾದರೆ ಮನೆಯವರು ಮಾಡಬಹುದಾದುದೇನು? ಹೆಚ್ಚೇನೂ ಬೇಕಿಲ್ಲ. ರೇಡಿಯೋದಲ್ಲಿ ಒಂದು ನಾಟಕವೋ ಭಾಷಣವೋ ಗಮಕವೋ ಮುಗಿದ ಮೇಲೆ ಮಗುವನ್ನು ಮೂರು ಮಾತು ಕೇಳಿ: ಹೇಳಿದವರಾರು? ಯಾವ ಸಂದರ್ಭದಲ್ಲಿ? ಅದರಲ್ಲಿ ನಿನಗೆ ಹಿಡಿಸಿದ್ದೇನು, ಏಕೆ? ಕೊನೆಯ 'ಏಕೆ'ಗೆ ಮಗು ತಡವರಿಸಿದರೆ ನಾವು ಅವಸರಪಟ್ಟು ಉತ್ತರ ಹೇಳಿಕೊಡಬಾರದು. ಸ್ವಲ್ಪ ಕಾಯಬೇಕು. ಅದು ತಾನಾಗಿ ಹುಡುಕಿ ಆಡಿದ ಮಾತು ಯಾವ ಗೈಡಿನಲ್ಲಿಯೂ ಸಿಗುವುದಿಲ್ಲ.