ಅಮೆರಿಕದ ಮಾರಾಟ ತೆರಿಗೆ: ವೇಫೇರ್ ತೀರ್ಪು ಮತ್ತು ನಮ್ಮ ರಫ್ತುದಾರರು

ರಾಜ್ಯದೊಳಗೆ ಕಚೇರಿ, ಗೋದಾಮು ಅಥವಾ ನೌಕರರಿಲ್ಲದ ಮಾರಾಟಗಾರನ ಮೇಲೆ ಮಾರಾಟ ತೆರಿಗೆ ವಸೂಲಿಯ ಹೊಣೆ ಹೊರಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1992ರ ಕ್ವಿಲ್ ಪ್ರಕರಣದಲ್ಲಿ ಹೇಳಿತ್ತು. 2018ರ ಜೂನ್ 21ರಂದು ಸೌತ್ ಡಕೋಟ ರಾಜ್ಯವು ವೇಫೇರ್ ಕಂಪನಿಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು 5–4ರ ಬಹುಮತದಿಂದ ಆ ನಿಯಮವನ್ನು ತಳ್ಳಿಹಾಕಿತು. ರಾಜ್ಯದೊಳಗಿನ ವಾರ್ಷಿಕ ಮಾರಾಟ 1 ಲಕ್ಷ ಡಾಲರು ಮೀರಿದರೆ ಅಥವಾ ವಹಿವಾಟುಗಳು 200 ಮುಟ್ಟಿದರೆ ತೆರಿಗೆ ವಸೂಲು ಮಾಡತಕ್ಕದ್ದೆಂಬುದು ಸೌತ್ ಡಕೋಟದ ಕಾನೂನಾಗಿತ್ತು. ವಹಿವಾಟಿನ ಸಂಖ್ಯೆಯ ಮಿತಿಯನ್ನು ಆ ರಾಜ್ಯ 2023ರ ಜುಲೈಯಿಂದ ಕೈಬಿಟ್ಟಿದೆ. ಕ್ಯಾಲಿಫೋರ್ನಿಯ, ಟೆಕ್ಸಾಸ್‌ಗಳಲ್ಲಿ ಮಿತಿ 5 ಲಕ್ಷ ಡಾಲರು.

ಸ್ವಂತ ವೆಬ್‌ಸೈಟಿನ ಮೂಲಕ ಅಲ್ಲಿನ ಗ್ರಾಹಕರಿಗೆ ನೇರವಾಗಿ ರೇಷ್ಮೆ ಸೀರೆ, ಚನ್ನಪಟ್ಟಣದ ಗೊಂಬೆ ಕಳುಹಿಸುವ ನಮ್ಮ ವರ್ತಕರಿಗೂ ಇದು ಅನ್ವಯ. ಭಾರತ–ಅಮೆರಿಕ ದ್ವಿತೆರಿಗೆ ತಡೆ ಒಪ್ಪಂದ ತಮ್ಮನ್ನು ಕಾಯುವುದೆಂದು ಭಾವಿಸುವುದು ತಪ್ಪು. ಅದು ಫೆಡರಲ್ ಆದಾಯ ತೆರಿಗೆಗೆ ಸಂಬಂಧಿಸಿದ್ದು, ರಾಜ್ಯಗಳ ಮಾರಾಟ ತೆರಿಗೆ ಅದರ ಹೊರಗಿದೆ. ಗ್ರಾಹಕನಿಂದ ವಸೂಲು ಮಾಡದೆ ಬಿಟ್ಟ ತೆರಿಗೆಯನ್ನು ಬಡ್ಡಿ, ದಂಡ ಸಹಿತ ಮಾರಾಟಗಾರನೇ ಕೈಯಿಂದ ತೆರಬೇಕಾದೀತು. ಅಮೆಜಾನ್‌ನಂತಹ ತಾಣಗಳ ಮೂಲಕ ಮಾರಿದಾಗ ವಸೂಲಿಯ ಹೊಣೆ ಸಾಮಾನ್ಯವಾಗಿ ಆ ತಾಣದ್ದು. ಸಗಟು ಖರೀದಿದಾರನಿಂದ ಮರುಮಾರಾಟದ ಪ್ರಮಾಣಪತ್ರ ಪಡೆದು ಕಡತದಲ್ಲಿರಿಸಬೇಕು. ಕಳೆದ ವರ್ಷದ ಇನ್‌ವಾಯ್ಸ್‌ಗಳನ್ನು ರಾಜ್ಯವಾರು ವಿಂಗಡಿಸಿ ನೋಡುವುದು ಮೊದಲ ಕೆಲಸ.