ಬೀಡಿ ಬಿಟ್ಟವರಿಗೊಂದು ಪ್ರೋತ್ಸಾಹಧನ

ಮಂಚೇನಹಳ್ಳಿ ಸುತ್ತಿನ ಹಾಲಿನ ಡೇರಿಗಳಲ್ಲಿ ಪ್ರೋತ್ಸಾಹಧನ ಹೊಸ ಮಾತಲ್ಲ. ಲೀಟರಿಗೆ 5 ರೂಪಾಯಿ ಸರ್ಕಾರ ಕೊಟ್ಟರೆ ಯಾರೂ ಅದನ್ನು ಲಂಚ ಎನ್ನುವುದಿಲ್ಲ. ಬೀಡಿ, ಸಿಗರೇಟು ಬಿಟ್ಟವರಿಗೂ ದುಡ್ಡು ಕೊಡೋಣ ಎಂದರೆ ಮಾತ್ರ ಹುಬ್ಬೇರುತ್ತದೆ. ಪುರಾವೆ ಆ ದುಡ್ಡಿನ ಪರವಾಗಿಯೇ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ 750 ಡಾಲರ್‌ವರೆಗೆ ಗಳಿಸಬಹುದಾಗಿದ್ದವರಲ್ಲಿ ಶೇ 14.7 ಮಂದಿ ವರ್ಷದೊಳಗೆ ಧೂಮಪಾನ ತೊರೆದಿದ್ದರು. ಬರೀ ಮಾಹಿತಿ ಪಡೆದವರಲ್ಲಿ ಶೇ 5. ನಮಗೆ ಇನ್ನೂ ಹತ್ತಿರದ್ದು ಥಾಯ್ಲೆಂಡಿನ ಹಳ್ಳಿಗಳ ಪ್ರಯೋಗ. ಅಲ್ಲಿ ಜನ ತಮ್ಮದೇ ಹಣ ಠೇವಣಿಯಿಟ್ಟರು, ಜೋಡಿಯಾಗಿ ಪಣ ತೊಟ್ಟರು. ಇಬ್ಬರೂ ಬಿಟ್ಟರೆ ಬಹುಮಾನ. ಆರು ತಿಂಗಳಿಗೆ ಸುಮಾರು ಶೇ 44 ಮಂದಿ ಗೆದ್ದರು; ಸಲಹೆ ಮಾತ್ರ ಪಡೆದವರಲ್ಲಿ ಶೇ 19. ಸ್ತ್ರೀಶಕ್ತಿ ಸಂಘಗಳ ವಾರದ ಉಳಿತಾಯ ಕಂಡ ಊರಿಗೆ ಈ ಲೆಕ್ಕ ಕಷ್ಟವೇನಲ್ಲ.

ಸುಳ್ಳು ಹೇಳಿ ದುಡ್ಡು ಹೊಡೆಯುವುದಿಲ್ಲವೇ? ಮೂತ್ರ ಅಥವಾ ಎಂಜಲಿನ ಪರೀಕ್ಷೆ ಅದನ್ನು ಹಿಡಿಯುತ್ತದೆ. ದುಡ್ಡು ನಿಂತ ಮೇಲೆ ಚಟ ಮರಳದೇ? ಕೆಲವರಲ್ಲಿ ಮರಳುತ್ತದೆ, ನಿಜ. ಆದರೂ ಅದೇ ಅಮೆರಿಕದ ನೌಕರರಲ್ಲಿ ಮತ್ತೆ ಆರು ತಿಂಗಳ ನಂತರವೂ ಅಂತರ ಉಳಿದಿತ್ತು: ದುಡ್ಡಿನ ಗುಂಪಿನಲ್ಲಿ ಶೇ 9.4, ಬರೀ ಮಾಹಿತಿ ಪಡೆದವರಲ್ಲಿ ಶೇ 3.6 ಮಂದಿ ಧೂಮಪಾನದಿಂದ ದೂರವಿದ್ದರು. ಚಟವಿಲ್ಲದವರಿಗೆ ಅನ್ಯಾಯ ಎಂಬ ಮಾತು ನನಗೆ ಹಿಡಿಸದು. ಕ್ಯಾನ್ಸರ್ ಚಿಕಿತ್ಸೆಯ ಖರ್ಚೂ ಎಲ್ಲರ ತೆರಿಗೆಯದೇ. ಒಂದು ಎಚ್ಚರಿಕೆ ಮಾತ್ರ ಬೇಕು. 2016–17ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸೇದುವ ವಯಸ್ಕರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಯೋಜನೆ ಬಂದರೆ ಹೊಗೆಸೊಪ್ಪು, ಗುಟ್ಕಾ ಬಿಡುವವರನ್ನು ಹೊರಗಿಡಬಾರದು. ಅಲ್ಲಿಯವರೆಗೆ ಬಿಡಬೇಕೆನಿಸಿದವರು 1800-11-2356ಕ್ಕೆ ಕರೆ ಮಾಡಿ, ಸಲಹೆ ಉಚಿತ.